ಬಾಯಿ ಉಂಟು, ನೋಡಿಕೊಳ್ಳಿ

೧೯೭೯ರಲ್ಲಿ ನಾನು ಮಂಗಳೂರಿನ ಒಂದು ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಶಿಕ್ಷಕಿಯಾಗಿದ್ದೆ. ವಕ್ರವಾದ ಹೊಲಿಗೆ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನು ‘ಸೂಜಿ ಟೀಚರ್’ ಎಂದು ಕರೆಯುತ್ತಿದ್ದುದು ಗೊತ್ತಿತ್ತು. ಆ ಹೆಸರು ನನಗೇನೂ ಬೇಸರ ತರಿಸಿರಲಿಲ್ಲ, ಒಳಗೊಳಗೇ ಸ್ವಲ್ಪ ಜಂಬವೇ ಇತ್ತು.

ಆ ವರ್ಷ ಡಿಸೆಂಬರಿನಲ್ಲಿ ನಗರದ ಮಹಿಳೆಯರ ಒಂದು ಸಂಘದವರು ಕೌದಿಗಳ ಸ್ಪರ್ಧಾ ಪ್ರದರ್ಶನ ಏರ್ಪಡಿಸಿದರು. ಘಟ್ಟದ ಮೇಲೆ ಕೌದಿ ಎನ್ನುವುದನ್ನು ನಮ್ಮ ಕಡೆ ಗೋದಡಿ ಎನ್ನುತ್ತಾರೆ. ಹಳೆಯ ಸೀರೆ, ಮುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆ ಅದು. ಬಂದ ಗೋದಡಿಗಳನ್ನೆಲ್ಲ ತೂಗುಹಾಕುವ ಕ್ರಮ ಇರಲಿಲ್ಲ. ಮೂವರು ತೀರ್ಪುಗಾರರ ಜ್ಯೂರಿ ಮೊದಲು ನೋಡಿ ಆರಿಸಬೇಕು, ಆರಿಸಿದ್ದನ್ನು ಜನ ಮೂರು ದಿನ ನೋಡಬೇಕು, ಕೊನೆಯ ದಿನ ಸಂಜೆ ಜ್ಯೂರಿ ಎರಡನೇ ಸುತ್ತು ಬಂದು ಬಹುಮಾನ ಹೇಳಬೇಕು. ಮೊದಲ ಬಹುಮಾನ ಒಂದು ಕಾಲುಮೆಷಿನ್, ಕಾಲಿನಿಂದ ತುಳಿದು ನಡೆಸುವ ಹೊಲಿಗೆ ಯಂತ್ರ. ಎಂಟ್ರಿ ತೆಗೆದುಕೊಳ್ಳುವ ಮೇಜು ನನ್ನದು. ಫಾರ್ಮ್ ತುಂಬಿಸುವುದು, ಹೆಸರು ಮುಚ್ಚಿ ಬರೀ ನಂಬರಿನ ಪಟ್ಟಿ ಹೊಲಿಯುವುದು, ಹಿಂಬದಿಯ ಮೇಲಂಚಿಗೆ ಸ್ಲೀವ್, ಅಂದರೆ ಕೋಲು ತೂರಿಸಿ ತೂಗುಹಾಕಲು ಬಟ್ಟೆಯ ಕೊಳವೆ, ಉಂಟೋ ಎಂದು ನೋಡುವುದು ನನ್ನ ಕೆಲಸ.

ಎಂಟ್ರಿ ತೆಗೆದುಕೊಳ್ಳುವ ಎರಡನೇ ದಿನ ಮಧ್ಯಾಹ್ನ ಕೂಳೂರಿನಿಂದ ಗುಲಾಬಿ ಎಂಬವರು ಬಂದರು. ಮೂವತ್ತರ ಆಸುಪಾಸಿನ ಹೆಂಗಸು, ಮನೆಯಲ್ಲೇ ಕುಳಿತು ಕೈಯಲ್ಲಿ ರವಿಕೆ ಹೊಲಿದು ಕೊಡುವವರು. ಅವರು ಬಿಚ್ಚಿ ಹರಡಿದ ಗೋದಡಿ ನೋಡಿ ನಾನು ಪೆನ್ನು ಕೆಳಗಿಟ್ಟೆ. ನೀಲಿ, ಮಾಸಿದ ಕೆಂಪು, ಬೂದಿ ಬಣ್ಣದ ತುಂಡುಗಳು. ಅವುಗಳ ಮೇಲೆ ಹೊಳೆಯ ನೀರಿನಲ್ಲಿ ಗಾಳಿ ಏಳಿಸುವ ಸಣ್ಣ ಗೆರೆಗಳ ಹಾಗೆ ಸಾಲು ಸಾಲು ಹೊಲಿಗೆ. ಹೊಗೆ, ತೆಂಗಿನೆಣ್ಣೆ, ಬಿಸಿಲು ಎಲ್ಲ ಸೇರಿದ ಒಂದು ವಾಸನೆ ಬಂತು. ನನಗೆ ಅಲ್ಲೇ ತಲೆಯಿಟ್ಟು ಮಲಗಬೇಕೆನಿಸಿತು.

“ಅಮ್ಮ, ಅಜ್ಜಿ ಹೊಲಿದದ್ದು ಟೀಚರ್, ಕಡೆಯ ಎರಡು ಸಾಲು ನನ್ನದು,” ಎಂದರು ಗುಲಾಬಿ. “ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಇದಿಲ್ಲದೆ ನಿದ್ದೆ ಬರುವುದಿಲ್ಲ ಅವರಿಗೆ. ಹೋದ ಹಾಗೆಯೇ ಬರಬೇಕು ಅಂತ ಹೇಳಿ ಕಳಿಸಿದ್ದಾರೆ.” ಆಮೇಲೆ ಕೆಳಗಿನ ಬಲ ಮೂಲೆ ತೋರಿಸಿ, “ಇಲ್ಲಿ ಬಾಯಿ ಉಂಟು. ಸ್ವಲ್ಪ ನೋಡಿಕೊಳ್ಳಿ, ಆಯ್ತಾ?” ಎಂದರು.

“ನೋಡಿಕೊಳ್ತೇನೆ,” ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಅವರು ಓಡಿದರು.

ಅವರು ಹೋದ ಮೇಲೆ ನೋಡಿದೆ. ನಾಲ್ಕು ಬೆರಳು ಹೋಗುವಷ್ಟು ಅಂಚು ಹೊಲಿಯದೆ ಉಳಿದಿತ್ತು. ನಿಯಮ ಆರರ ಪ್ರಕಾರ ನಾಲ್ಕೂ ಅಂಚು ಮುಚ್ಚಿರಬೇಕು, ಇಲ್ಲದಿದ್ದರೆ ಎಂಟ್ರಿ ತಳ್ಳಿಹಾಕುತ್ತಾರೆ. ಅಯ್ಯೋ, ಇಷ್ಟು ಚಂದದ್ದು ನಾಲ್ಕು ಬೆರಳಿನಿಂದ ಹೋಗಬೇಕೇ? ಪಾಪ, ಅದಕ್ಕೇ ‘ನೋಡಿಕೊಳ್ಳಿ’ ಎಂದು ಹೇಳಿ ಹೋದದ್ದು ಎಂದುಕೊಂಡೆ. ಬೆರಳು ಹಾಕಿದರೆ ಒಳಗೆ ಮೆದುವಾದ ಬಟ್ಟೆ ಚೂರುಗಳು ಸಿಕ್ಕಿದವು. ಹೊರಗೆ ಬರದಂತೆ ಅವನ್ನು ಒಳಕ್ಕೆ ತಳ್ಳಿ, ನೀಲಿ ದಾರ ಪೋಣಿಸಿ, ಏಳೇ ಏಳು ಹೊಲಿಗೆಯಲ್ಲಿ ಬಾಯಿ ಮುಚ್ಚಿದೆ. ಬ್ಲೈಂಡ್ ಸ್ಟಿಚ್, ದಾರ ಹೊರಗೆ ಕಾಣದ ಹಾಗೆ ಹಾಕುವ ಹೊಲಿಗೆ. ಅದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿ ಇಲ್ಲ ಎಂಬ ಗರ್ವ ನನಗಿತ್ತು. ನಂಬರಿನ ಪಟ್ಟಿ ಬಿಟ್ಟರೆ, ಒಪ್ಪಿಸಿದ ಎಂಟ್ರಿಗೆ ಸ್ಪರ್ಧಿಯಲ್ಲದವರು ಸೂಜಿ ತಾಗಿಸಬಾರದು ಎಂಬುದು ನಿಯಮ ಒಂಬತ್ತು. ಆರನ್ನು ಉಳಿಸಲು ಒಂಬತ್ತನ್ನು ಮುರಿದೆ. ಆಗ ಅದು ಉಪಕಾರವೆಂದೇ ಕಂಡಿತ್ತು.

ಬಂದ ಅರವತ್ತೊಂದು ಗೋದಡಿಗಳಲ್ಲಿ ಜ್ಯೂರಿ ಇಪ್ಪತ್ತನಾಲ್ಕನ್ನು ಆರಿಸಿತು. ಹದಿನೇಳನೇ ನಂಬರಿನ ಮುಂದೆ ಮೂವರೂ ನಿಂತುಬಿಟ್ಟರು. ಜ್ಯೂರಿಯ ಮುಖ್ಯಸ್ಥೆ ಸಿಸಿಲಿಯಾ ಮೇಡಂ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು. ಅದು ಗುಲಾಬಿಯವರದು ಎಂದು ಗೊತ್ತಿದ್ದವಳು ನಾನೊಬ್ಬಳೇ.

ಆ ಮೂರು ದಿನಗಳನ್ನು ನೆನೆದರೆ ಈಗಲೂ ಅರೆನಿದ್ದೆಯಲ್ಲಿ ಇದ್ದಂತಾಗುತ್ತದೆ. ಹಳೆಯ ಹಂಚಿನ ಸಭಾಂಗಣ, ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹಂಚು. ಅದರಿಂದ ಇಳಿದ ಬೆಳಕು ಹೊತ್ತು ಹೋದಂತೆ ಒಂದು ಗೋದಡಿಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಮೂರು ಗಂಟೆಗೆ ಕಡಲ ಗಾಳಿ ಬೀಸಿದರೆ ಇಪ್ಪತ್ತನಾಲ್ಕೂ ಒಮ್ಮೆಗೇ ಉಬ್ಬಿ ಮೆಲ್ಲನೆ ಇಳಿಯುತ್ತಿದ್ದವು, ನಿದ್ರಿಸುವವರ ಎದೆಯ ಹಾಗೆ. ಬಂದ ಜನ ತಾವಾಗಿ ಪಿಸುಮಾತಿಗೆ ಇಳಿಯುತ್ತಿದ್ದರು. ಒಬ್ಬರು ತಮ್ಮ ಬಾಲ್ಯದ ಮಂಚದ ವಿಷಯ ಯಾರಿಗೋ ಹೇಳುತ್ತಿದ್ದರು, ಕೇಳುವವರು ಮುಂದೆ ಹೋಗಿಬಿಟ್ಟಿದ್ದರೂ ಹೇಳುತ್ತಲೇ ಇದ್ದರು. ಸಾಲಿನ ತುದಿಯಲ್ಲಿ ನನ್ನದೇ ಅಕ್ಷರದ ಫಲಕವಿತ್ತು: ‘ಕಣ್ಣಿನಿಂದ ಮಾತ್ರ ನೋಡಿರಿ, ಮುಟ್ಟಬೇಡಿರಿ.’

ಕೊನೆಯ ದಿನ, ಭಾನುವಾರ ನಾಲ್ಕು ಗಂಟೆಗೆ ಗುಲಾಬಿ ತಾಯಿಯ ಕೈಹಿಡಿದು ಬಂದರು. ತಾಯಿಯ ಹೆಸರು ಅಪ್ಪಿಯಕ್ಕ. ಸಣ್ಣ ಮೈ, ಬಿಳಿ ಸೀರೆ, ಎಲ್ಲಿಯೋ ದೂರ ನೋಡುವಂತಿದ್ದ ಕಣ್ಣು. ಫಲಕ ಯಾರಿಗೆ, ನಿಯಮ ಯಾರಿಗೆ? ಕಣ್ಣಿಲ್ಲದವರು ಪ್ರದರ್ಶನ ನೋಡುವುದಾದರೂ ಹೇಗೆ? ಗೋದಡಿಗಳ ಮುಂದೆ ಕಟ್ಟಿದ್ದ ಹಗ್ಗವನ್ನು ನಾನೇ ಎತ್ತಿ ಒಳಗೆ ಕರೆದುಕೊಂಡು ಹದಿನೇಳರ ಮುಂದೆ ನಿಲ್ಲಿಸಿದೆ.

ಅವರು ಎರಡೂ ಅಂಗೈ ಗೋದಡಿಯ ಮೇಲಿಟ್ಟು ಮುಖ ಅರಳಿಸಿದರು. ಕೈ ಕೆಳಗೆ ಸರಿಯಿತು, ಬಲ ಮೂಲೆಗೆ ಬಂತು. ಅಲ್ಲಿ ಬೆರಳುಗಳು ಹುಡುಕಿದವು. ಮತ್ತೆ ಹುಡುಕಿದವು. ಜ್ಯೂರಿಯ ಭೂತಗನ್ನಡಿಗೂ ಕಾಣದ ನನ್ನ ಏಳು ಹೊಲಿಗೆ ಅವರ ಬೆರಳಿಗೆ ಸಿಕ್ಕಿತು. ಅವರು ಕೈ ಹಿಂತೆಗೆದರು.

“ಉಂದು ನಮ್ಮ ಅತ್ತ್,” ಎಂದರು ತುಳುವಿನಲ್ಲಿ. ಇದು ನಮ್ಮದಲ್ಲ.

“ನಮ್ಮದೇ ಅಮ್ಮ,” ಎಂದು ಗುಲಾಬಿ ಮೂಲೆ ಮುಟ್ಟಿ ನೋಡಿದರು. ಅವರ ಮುಖದ ಬಣ್ಣ ಇಳಿಯಿತು. “ಟೀಚರ್, ಬಾಯಿ ಎಲ್ಲಿ?”

“ನೀವು ನೋಡಿಕೊಳ್ಳಿ ಅಂತ ಹೇಳಿದಿರಲ್ಲ, ಹೊಲಿದೆ.”

“ಮುಚ್ಚದ ಹಾಗೆ ನೋಡಿಕೊಳ್ಳಿ ಅಂತ ಟೀಚರ್ ನಾನು ಹೇಳಿದ್ದು.”

ಆಮೇಲೆ ಅವರು ತಗ್ಗಿದ ಸ್ವರದಲ್ಲಿ ವಿವರಿಸಿದರು. ಆ ಬಾಯಿ ಅಜ್ಜಿಯ ಕಾಲದಿಂದ ಬಿಟ್ಟದ್ದು. ಮನೆಯಿಂದ ಯಾರು ಹೋದರೂ, ಮದುವೆಯಾಗಿ ಹೋಗಲಿ, ತೀರಿ ಹೋಗಲಿ, ಅವರು ಉಟ್ಟ ಬಟ್ಟೆಯ ಒಂದು ಚೂರು ಅದರೊಳಗೆ ಹೋಗುತ್ತದೆ. ಕಣ್ಣು ಹೋದ ಮೇಲೆ ಅಪ್ಪಿಯಕ್ಕ ಮಲಗುವ ಮುಂಚೆ ಕೈ ಒಳಗಿಟ್ಟು ಒಬ್ಬೊಬ್ಬರನ್ನೇ ಮುಟ್ಟಿ ಹೆಸರು ಹೇಳುತ್ತಾರೆ. ಆಮೇಲೆ ನಿದ್ದೆ. ನಾನು ತುಂಬಿಸಿದ ಬಟ್ಟೆಯೆಂದು ಒಳಕ್ಕೆ ತಳ್ಳಿದ್ದು ಆ ಮನೆಯ ಜನರನ್ನು. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು.

ಅಷ್ಟರಲ್ಲಿ ಜ್ಯೂರಿ ನಮ್ಮ ಸಾಲಿಗೆ ತಿರುಗಿತ್ತು. ನನ್ನ ಕೈ ಸೊಂಟದ ಕತ್ತರಿಗೆ ಹೋಯಿತು, ಅಲ್ಲೇ ನಿಂತಿತು. ಕೇಳದೆ ಹೊಲಿದದ್ದೇ ತಪ್ಪು. ಕೇಳದೆ ಬಿಚ್ಚಿದರೆ ಅದೂ ಅದರ ತಮ್ಮನೇ. ಕತ್ತರಿಯನ್ನು ಗುಲಾಬಿಯವರ ಮುಂದೆ ಚಾಚಿ ಕೇಳಿದೆ: “ಬಹುಮಾನ ಇದಕ್ಕೇ ಬರುವ ಅಂದಾಜು ಉಂಟು. ಬಿಚ್ಚಿದರೆ ಬರುವುದಿಲ್ಲ. ಎಂತ ಮಾಡುವ?”

ಗುಲಾಬಿ ವೇದಿಕೆಯ ಮೇಲೆ ಹೊಳೆಯುತ್ತಿದ್ದ ಮೆಷಿನ್ ನೋಡಿದರು. “ಇನ್ನೊಂದು ಗಂಟೆ ಕಳೆದು ಮನೆಯಲ್ಲಿ ಬಿಚ್ಚಿದರೆ ಆಗದೋ ಟೀಚರ್?” ಎಂದರು. ಅತ್ತ ಅಪ್ಪಿಯಕ್ಕ ಬೆನ್ನು ತಿರುಗಿಸಿ ಪಕ್ಕದ ಹದಿನೆಂಟನೇ ಗೋದಡಿಯ ಮೂಲೆ ತಡವುತ್ತಿದ್ದರು. ಆಮೇಲೆ ಅದರಾಚೆಯದು. ಅವರು ಇಡೀ ಸಾಲಿನಲ್ಲಿ ತಮ್ಮದನ್ನು ಹುಡುಕುತ್ತಿದ್ದರು.

ಅದನ್ನು ಕಂಡ ಗುಲಾಬಿ ಕತ್ತರಿ ತೆಗೆದುಕೊಂಡರು. ಏಳೂ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿ ತಾಯಿಯ ಕೈ ತಂದು ಒಳಗಿಟ್ಟರು. ಅಪ್ಪಿಯಕ್ಕನ ಬೆರಳುಗಳು ಒಳಗಿನ ಚೂರುಗಳನ್ನು ತಡವಿದವು. ಆಮೇಲೆ ತುಟಿ ಅಲುಗಿತು. ಅಕ್ಕ. ತಮ್ಮ. ಗಂಡನ ಮುಂಡಿನ ಅಂಚು ಸಿಕ್ಕಿದಾಗ ಹೆಸರು ಹೇಳಲಿಲ್ಲ, ಸುಮ್ಮನೆ ನಕ್ಕರು. ಕಡಲ ಗಾಳಿ ಬಂತು, ಗೋದಡಿಗಳೆಲ್ಲ ಉಬ್ಬಿದವು. ಆ ಒಂದು ಮಾತ್ರ ಅವರ ತೋಳಿನ ಭಾರಕ್ಕೆ ಅಲುಗದೆ ನಿಂತಿತ್ತು.

ನಾನು ಸಿಸಿಲಿಯಾ ಮೇಡಂ ಅವರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಯಮ ನಿಯಮವೇ,” ಎಂದು ಹದಿನೇಳರ ಪಟ್ಟಿ ಬಿಚ್ಚಿದರು. “ಗೋದಡಿ ಇಳಿಸುವುದು ಬೇಡ. ಅವರು ನೋಡಿ ಮುಗಿಸಲಿ.” ಮೆಷಿನ್ ಬೇರೆಯವರಿಗೆ ಹೋಯಿತು.

ಹೊರಡುವ ಮೊದಲು ಅಪ್ಪಿಯಕ್ಕ ನನ್ನ ಸೆರಗು ಹಿಡಿದು ಏನೋ ಕೇಳಿದರು. “ನಿಮ್ಮದೊಂದು ಚೂರು ಬೇಕಂತೆ,” ಎಂದರು ಗುಲಾಬಿ. “ಇದಕ್ಕೆ ಸೂಜಿ ಹಾಕಿದವರದ್ದೂ ಒಳಗೆ ಇರಬೇಕು, ಅದು ಕ್ರಮ.” ತಪ್ಪಿಗೆ ಬೈಗುಳ ಸಿಗುತ್ತದೆಂದು ನಿಂತಿದ್ದವಳಿಗೆ ಆ ಮನೆಯೊಳಗೆ ಜಾಗ ಸಿಕ್ಕಿತ್ತು. ಕರವಸ್ತ್ರದ ಮೂಲೆ ಕತ್ತರಿಸಿದೆ. ಕತ್ತರಿಸಿದ ಅಂಚಿನಿಂದ ನೂಲು ಬಿಡುತ್ತಿತ್ತು, ಹಾಗೆಯೇ ಕೊಡಲು ಮನಸ್ಸು ಬರಲಿಲ್ಲ. ಅವರನ್ನು ಬೆಂಚಿನ ಮೇಲೆ ಕೂರಿಸಿ ಅಂಚು ಮಡಚಿ ಹೊಲಿದೇ ಕೊಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು.

ಆಮೇಲೆ ಎಂಟು ವರ್ಷ ಎಷ್ಟೋ ಪ್ರದರ್ಶನಗಳಲ್ಲಿ ಎಂಟ್ರಿ ಮೇಜಿನಲ್ಲಿ ಕುಳಿತಿದ್ದೇನೆ. ಬಿಚ್ಚಿದ ಅಂಚು, ತಪ್ಪಿದ ಬಣ್ಣ, ವಕ್ರ ಸಾಲು ಏನೇ ಕಂಡರೂ ಸೂಜಿ ಎತ್ತುವ ಮೊದಲು ತಂದವರನ್ನು ಕೇಳುತ್ತಿದ್ದೆ: “ಇದು ತಪ್ಪಿದ್ದೋ, ಬಿಟ್ಟದ್ದೋ?” ಎಷ್ಟೋ ಸಲ ‘ಬಿಟ್ಟದ್ದು’ ಎಂಬ ಉತ್ತರ ಬಂದಿದೆ. ಕೆಲಸ ನನಗೆ ಕಲಿಸಿದ್ದು ಆ ಒಂದು ಪ್ರಶ್ನೆ.

೧೯೮೭ರಲ್ಲಿ ಒಮ್ಮೆ ಕೂಳೂರು ಸೇತುವೆಯ ಮೇಲೆ ಬಸ್ಸಿನಲ್ಲಿ ಗುಲಾಬಿ ಸಿಕ್ಕಿದರು. ಅಪ್ಪಿಯಕ್ಕ ತೀರಿ ಎರಡು ವರ್ಷವಾಗಿತ್ತು. ಅವರ ಬಿಳಿ ಸೀರೆಯ ಚೂರನ್ನೂ ಒಳಗೆ ಹಾಕಿದೆ ಎಂದರು, ಗೋದಡಿಯನ್ನು ಈಗ ಹೊದೆಯುವುದು ತಾನು ಎಂದರು.

“ನನ್ನದು ಉಂಟೋ ಈಗಲೂ?” ಎಂದು ಕೇಳಿದೆ.

“ಉಂಟು ಟೀಚರ್. ಕತ್ತಲಲ್ಲಿ ಕೈ ಹಾಕಿದರೆ ಅಮ್ಮನದ್ದು ಯಾವುದು, ಅಜ್ಜಿಯದ್ದು ಯಾವುದು ಅಂತ ನನಗೆ ಕೆಲವು ಸಲ ಗೊತ್ತಾಗುವುದಿಲ್ಲ. ನಿಮ್ಮದು ಮಾತ್ರ ತಪ್ಪುವುದಿಲ್ಲ. ಅಂಚು ಹೊಲಿದದ್ದು ಅದೊಂದೇ.”