ಚಿಕ್ಕಮ್ಮ ಸಹಿ ಹಾಕಿದ ಮತಪತ್ರ

2014ರ ಏಪ್ರಿಲ್ ಮೊದಲ ವಾರ, ಶುಕ್ರವಾರ, ಅಡಿಲೇಡ್‌ನಿಂದ ಪರ್ತ್‌ಗೆ ಹೊರಟೆ. ಮೂರು ಗಂಟೆಗೂ ಮೀರಿದ ಹಾರಾಟ. ಒಂದು ಕಡೆ ಮರವಿಲ್ಲದ ಬಯಲು, ಇನ್ನೊಂದು ಕಡೆ ಕಡಲು, ನಡುವೆ ಕೊಯ್ದಿಟ್ಟಂಥ ದಂಡೆ. ಕಣ್ಣು ಮುಚ್ಚಿ ತೆರೆದರೂ ಅದೇ ದಂಡೆ. ವಿಮಾನ ನಿಂತೇ ಇದೆಯೇನೋ ಅನ್ನಿಸಿತು. ಇಳಿದ ಮೇಲೆ ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿದೆ. ಕಳೆದುಹೋಗಿದ್ದ ಮಧ್ಯಾಹ್ನ ಮತ್ತೆ ಸಿಕ್ಕಿತು.

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯವೂ ಹಿಂದಕ್ಕೆ ಹೋಗಿತ್ತು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಹಿಂದಿನ ವರ್ಷ ನಡೆದ ಚುನಾವಣೆಯ ಮರುಎಣಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಮತಪತ್ರಗಳು ಕಾಣೆಯಾಗಿದ್ದವು. ನ್ಯಾಯಾಲಯ ಫಲಿತಾಂಶ ರದ್ದು ಮಾಡಿತ್ತು. ಆರು ಸ್ಥಾನಗಳಿಗೆ ಇಡೀ ರಾಜ್ಯ ಶನಿವಾರ ಮತ್ತೆ ಮತ ಹಾಕಬೇಕಿತ್ತು.

ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ಚಿಕ್ಕಮ್ಮನ ಮನೆ. ಅವರ ಮಗಳು ವೀಣಾ ಗಣಿಯಲ್ಲಿ ಭೂವಿಜ್ಞಾನಿ. ಚಿಕ್ಕಮ್ಮ ಮೈಸೂರಿನ ಬ್ಯಾಂಕೊಂದರಲ್ಲಿ ನಿವೃತ್ತಿಯವರೆಗೂ ಕ್ಯಾಷಿಯರ್. ಹೊಸದಾಗಿ ಇಲ್ಲಿಯ ಪೌರತ್ವ ಪಡೆದಿದ್ದರು; ಇದು ಇಲ್ಲಿ ಅವರ ಮೊದಲ ಮತ.

"ಈ ತಿಂಗಳೇ ಮೈಸೂರಲ್ಲೂ ಎಲೆಕ್ಷನ್," ಎಂದರು ರಾತ್ರಿ ಚಿತ್ರಾನ್ನ ಬಡಿಸುತ್ತ. "ಅಲ್ಲಿ ನನ್ನ ವೋಟು ಹೋಯ್ತು. ಇಲ್ಲೂ ಲೆಕ್ಕಕ್ಕೆ ಬರ್ದಿದ್ರೆ ನಾನು ಎಲ್ಲಿಯವಳು ಹೇಳು?"

ಶನಿವಾರ ಬೆಳಿಗ್ಗೆ, ಮತಗಟ್ಟೆಯಾಗಿದ್ದ ಶಾಲೆಯ ಅಂಗಳದಲ್ಲಿ ತೆಳುವಾದ ಬಿಸಿಲು. ಶಾಲೆಗೆ ಹಣ ಕೂಡಿಸಲು ಮಕ್ಕಳ ಪೋಷಕರು ಸಾಸೇಜ್ ಸುಟ್ಟು ಮಾರುತ್ತಿದ್ದರು. ಈರುಳ್ಳಿಯ ಹೊಗೆ ನೀಲಗಿರಿ ಮರಗಳ ನಡುವೆ ಏಳಲಾರದೆ ತೇಲುತ್ತಿತ್ತು. ಸರದಿಯಲ್ಲಿ ಯಾರಿಗೂ ಅವಸರವಿರಲಿಲ್ಲ. ಈ ರಾಜ್ಯದಲ್ಲಿ ಮತವಿಲ್ಲದ ನಾನು ಬಾಗಿಲಲ್ಲೇ ನಿಂತೆ.

ಮತಪತ್ರ ಬಚ್ಚಲುಮನೆಯ ಟವೆಲ್ಲಿನಷ್ಟು ಅಗಲ, ಎಪ್ಪತ್ತಕ್ಕೂ ಮಿಕ್ಕಿ ಹೆಸರುಗಳು. ಮೇಲಿನ ಸಾಲಿನಲ್ಲಿ ಒಂದು ಪಕ್ಷಕ್ಕೆ 1 ಎಂದು ಬರೆದರೆ ಮುಗಿಯಿತು; ಮಿಕ್ಕವರ ಕ್ರಮವನ್ನು ಆ ಪಕ್ಷವೇ ತೀರ್ಮಾನಿಸುತ್ತದೆ. ಕೆಳಗೆ ಬರೆಯುವವರು ಅಭ್ಯರ್ಥಿಗಳಿಗೆಲ್ಲ ಕ್ರಮಸಂಖ್ಯೆ ಕೊಡಬೇಕು. ಚಿಕ್ಕಮ್ಮ ಕೆಳಗಿನದನ್ನೇ ಹಿಡಿದರು. ವೀಣಾ ಮತ ಹಾಕಿ, ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜ್ ತಿಂದು ಮುಗಿಸಿದರೂ ಅವರ ತಲೆ ಮೇಲೇಳಲಿಲ್ಲ.

ಕೊನೆಗೆ ಕಾಗದ ಮಡಚಿ ಪೆಟ್ಟಿಗೆಯವರೆಗೆ ಬಂದವರು ಅಧಿಕಾರಿಯೊಬ್ಬಳನ್ನು ಏನೋ ಕೇಳಿದರು. ಅವಳು ಬೇಡವೆಂದು ಮೃದುವಾಗಿ ತಲೆಯಾಡಿಸಿ ವಿವರಿಸಿದಳು. ಚಿಕ್ಕಮ್ಮ ಬಾಗಿಲತ್ತ ತಿರುಗಿ ಕನ್ನಡದಲ್ಲೇ ಕೂಗಿದರು: "ಎರಡು ಕಡೆ ನಂಬರ್ ತಪ್ಪಿತ್ತು ಕಣೇ. ಹೊಡೆದುಹಾಕಿ ಪಕ್ಕದಲ್ಲಿ ಪೂರ್ತಿ ಸಹಿ ಮಾಡಿದೀನಿ. ಅವಳ ಸಹಿಯೂ ಬೇಕಲ್ವಾ ಅಂದೆ. ಹೆಸರು ಗೊತ್ತಾದ್ರೆ ವೋಟೇ ಅಲ್ವಂತೆ!"

ಬ್ಯಾಂಕಿನಲ್ಲಿ ತಿದ್ದಿದ ಕಡೆಯೆಲ್ಲ ಸಹಿ ಬೇಕು. ಇಲ್ಲಿ ಸಹಿಯೇ ಮತವನ್ನು ಕೆಡಿಸುತ್ತದೆ. ಅಧಿಕಾರಿ ಹಳೆಯದನ್ನು ಹಿಂದಕ್ಕೆ ಪಡೆದು ಹೊಸ ಕಾಗದ ಕೊಟ್ಟಳು.

"ಅಮ್ಮಾ, ಮೇಲೆ ಒಂದು ಅಂತ ಹಾಕಿ ಬಂದ್ಬಿಡು, ಪ್ಲೀಸ್," ಎಂದಳು ವೀಣಾ.

"ಮಿಕ್ಕಿದ್ದನ್ನ ಪಾರ್ಟಿಯೋರು ಹಂಚ್ಕೊಳ್ಳೋಕಾ? ನೀನು ಇನ್ನೊಂದು ಸಾಸೇಜ್ ತಿನ್ನು."

ಮತ್ತೆ ಒಂದರಿಂದ ಶುರು. ಬಿಸಿಲು ಸಭಾಂಗಣದ ನೆಲದ ಮೇಲೆ ನಿಧಾನವಾಗಿ ಸರಿದು ಅವರ ಚಪ್ಪಲಿ ಮುಟ್ಟಿತು. ಈ ಸಲ ತಪ್ಪಲಿಲ್ಲ. ಕಾಗದ ಪೆಟ್ಟಿಗೆಯೊಳಗೆ ಜಾರಿದ ಮೇಲೂ ಅವರ ಎರಡು ಬೆರಳು ಕಂಡಿಯ ಮೇಲೆಯೇ ಇದ್ದವು.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು. "ಸಹಿಯಿಲ್ಲದೆ ಒಂದು ಕಾಗದ ಕೊಟ್ಟಿದ್ದು ಇದೇ ಮೊದಲು. ನಂದೇ ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ ಚಿಕ್ಕಮ್ಮ. ಎಣಿಸ್ತಾರೆ, ಅಷ್ಟೇ."

"ಎಣಿಸ್ತಾರಲ್ಲ," ಎಂದರು.

ಭಾನುವಾರ ವಿಮಾನ ನಿಲ್ದಾಣಕ್ಕೆ ವೀಣಾ ಕಾರಿನಲ್ಲಿ ಬಿಟ್ಟಳು. ದಾರಿಯಲ್ಲಿ ಶಾಲೆ ಎದುರಾದಾಗ ಚಿಕ್ಕಮ್ಮ ಹಿಂದಿನ ಸೀಟಿನಿಂದ, "ಸ್ವಲ್ಪ ನಿಧಾನ," ಎಂದರು. ಸಭಾಂಗಣ ಖಾಲಿ, ಬಾಗಿಲು ಹಾಕಿತ್ತು. ಗಾಜು ಇಳಿಸಿ ನೋಡಿದರು. "ನಮ್ಮ ಬೂತು," ಎಂದು ನನಗೆ ತೋರಿಸಿದರು.