ಜಾಲಿ ಕಂಟಿಯೊಳಗಿನ ಎರಡು ಚೆಂಡು

ಕಳೆದ ಗುರುವಾರ ಇಂಡಿ ಊರಿನ ಒಂದು ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ನನ್ನ ಪ್ರಾಮಾಣಿಕತೆಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ.

ಬೇಡ ಎನ್ನಬಹುದಿತ್ತು. ಮೈಕ್ ನನ್ನ ಎದುರಿಗೇ ಇತ್ತು. ಎನ್ನಲಿಲ್ಲ.

ನಾನು ಹುಟ್ಟಿದ್ದು ದೇವಣಗಾಂವ. ಮ್ಯಾಟ್ರಿಕ್ ಮುಗಿಸಿ ಪುಣೆಗೆ ಹೋದವನು ಅಲ್ಲಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡೆ. ಈಗ ಸಿಂದಗಿಯಲ್ಲಿ ಕೂತು ಈ ಅಂಕಣದಲ್ಲಿ ನಿಮಗೆ ವಾರವಾರ ಬುದ್ಧಿ ಹೇಳುತ್ತೇನೆ. (ಹೇಳುವುದಕ್ಕೇನು?)

ಗಾಲ್ಫ್ ನಮ್ಮ ಕಡೆ ಇಲ್ಲ. ಅದಕ್ಕೆ ಎರಡು ಮಾತು. ಚೆಂಡು ಬಿದ್ದಲ್ಲಿಂದಲೇ ಹೊಡೆಯುತ್ತ ಹೋಗಿ ದೂರದ ಕುಳಿಗೆ ಹಾಕಬೇಕು. ಯಾರು ಕಡಿಮೆ ಹೊಡೆತದಲ್ಲಿ ಹಾಕುತ್ತಾರೋ ಅವರು ಗೆದ್ದರು. ಜೊತೆಗೆ ಅಂಪೈರ್ ತಿರುಗುವುದಿಲ್ಲ. ತಪ್ಪಾದರೆ ಆಡುವವನೇ ಬಾಯಿಬಿಟ್ಟು ಹೇಳಬೇಕು. ಒಬ್ಬನ ಹೊಡೆತದ ಲೆಕ್ಕವನ್ನು ಜೊತೆಗೆ ಆಡುವವನು ಕಾರ್ಡಿನಲ್ಲಿ ಬರೆಯುತ್ತಾನೆ.

ಚೆಂಡು ಎಲ್ಲಿ ಬಿತ್ತು ಎಂದು ನೋಡಲು ಒಬ್ಬ ಮುಂದೆ ಹೋಗಿ ನಿಲ್ಲುತ್ತಾನೆ. ಅವನಿಗೆ ಆಗೇವಾಲಾ ಎನ್ನುತ್ತಿದ್ದರು. ರವಿವಾರ ಮೆಂಬರುಗಳು ಆಡುವಾಗ ನಾನೂ ಆಗೇವಾಲಾ. ಸಾಹೇಬರ ಚೆಂಡು ಮುಳ್ಳುಕಂಟಿಯಲ್ಲಿ ಬಿದ್ದರೆ ಕಾಲಿನ ಹೆಬ್ಬೆರಳು, ಪಕ್ಕದ ಬೆರಳಿನ ನಡುವೆ ಹಿಡಿದು ನಾಲ್ಕು ಹೆಜ್ಜೆ ನಡೆದು ಹುಲ್ಲಿನ ಮೇಲೆ ಬಿಡುತ್ತಿದ್ದೆ. ಬಗ್ಗುವುದಿಲ್ಲ, ಕೈ ಹಚ್ಚುವುದಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ. ಸಾಹೇಬರು ಬಂದು, “ಅರೆ, ನಸೀಬ್ ಚೆನ್ನಾಗಿದೆ” ಎಂದು ನಗುತ್ತಿದ್ದರು. ನಾನು ಅದನ್ನು ಸೇವೆ ಎಂದುಕೊಂಡಿದ್ದೆ.

ತೊಂಬತ್ತರ ದಶಕದಲ್ಲಿ ಒಂದು ಸಲ ನಮ್ಮ ಕ್ಲಬ್ಬಿಗೆ ಹುಡುಗರ ರಾಷ್ಟ್ರೀಯ ಅಮೆಚೂರ್ ಚಾಂಪಿಯನ್‌ಶಿಪ್ ಬಂತು. ಮೀಸೆ ಚಿಗುರುವ ವಯಸ್ಸಿನವರು. ಎರಡು ದಿನ ಎಲ್ಲರೂ ಆಡುವುದು, ಹಿಂದೆ ಬಿದ್ದವರು ಮನೆಗೆ, ಉಳಿದವರು ಮುಂದಿನ ಎರಡು ದಿನಕ್ಕೆ. ಎರಡನೆಯ ದಿನ ನನ್ನನ್ನು ಇಬ್ಬರು ಹುಡುಗರಿಗೆ ಆಗೇವಾಲಾ ಮಾಡಿದರು. ಒಬ್ಬ ಪಟಿಯಾಲದವನು. ಇನ್ನೊಬ್ಬ ಮೊದಲ ಹೊಡೆತ ತಪ್ಪಿದ ಕೂಡಲೇ, “ಹೋತ್ ತಗೊ” ಎಂದ.

ನನ್ನ ಕಿವಿ ನೆಟ್ಟಗಾಯಿತು. “ಯಾವೂರೋ ತಮ್ಮಾ?”

“ಬಸವನ ಬಾಗೇವಾಡಿರಿ. ಅಪ್ಪಾ ಮಿಲಿಟರ‍್ಯಾಗ ಅದಾರ.”

“ನಂದು ದೇವಣಗಾಂವಪಾ.”

“ಹಂಗಾರ ನಮ್ಮವರಾ ಆತಲ್ರಿ, ಕಾಕಾ.”

ಅವನ ಹೆಸರು ಸಂಗಮೇಶ. ನಮ್ಮವರು ಎಂದನಲ್ಲ, ಅಷ್ಟೇ ಸಾಕಾಯಿತು.

ಮಧ್ಯಾಹ್ನದ ಹೊತ್ತಿಗೆ ಇಬ್ಬರ ಚೆಂಡೂ ದಿನ್ನೆ ದಾಟಿ ಒಂದೇ ಜಾಲಿ ಕಂಟಿಯೊಳಗೆ ಬಿದ್ದವು. ಹುಡುಗರು ದಿನ್ನೆಯ ಆಚೆ. ಸಂಗಮೇಶನ ಚೆಂಡಿಗೆ ಕೆಂಪು ಚುಕ್ಕೆ, ಪಟಿಯಾಲದವನದಕ್ಕೆ ನೀಲಿ ಗೆರೆ. ಬೆಳಿಗ್ಗೆಯೇ ತೋರಿಸಿದ್ದರು. ನನ್ನ ಕಾಲು ತನ್ನ ರವಿವಾರದ ಕೆಲಸ ಮಾಡಿತು. ಕೆಂಪು ಚುಕ್ಕೆ ಹೊರಗೆ ಬಂತು. ನೀಲಿ ಗೆರೆ ಅಲ್ಲೇ ಉಳಿಯಿತು.

(ಕಾಲು ಮಾಡಿತು ಎಂದು ಬರೆದೆ ನೋಡಿ. ಮಾಡಿದವನು ನಾನು.)

“ಕಾಕಾ, ಎಲ್ಲೈತ್ರಿ?”

“ಇಲ್ಲೇ ಹುಲ್ಲಾಗ. ಗಿಡಕ್ಕ ಬಡದು ಹೊರಗ ಬಂತು.”

“ಖರೇನ? ನೀವ ನೋಡಿದ್ರ್ಯಾ?”

“ನೋಡೇನಿ ಅಂತ ಹೇಳಾಕತ್ತೇನಲ್ಲ.”

ಪಟಿಯಾಲದ ಹುಡುಗ ಮುಳ್ಳೊಳಗೆ ಇಣುಕಿದ. ಅಲ್ಲಿಂದ ಹೊಡೆಯಲು ಆಗುವುದಿಲ್ಲ ಎಂದು ತಾನೇ ಹೇಳಿದ. ನಿಯಮದಂತೆ ಒಂದು ಹೊಡೆತ ದಂಡವಾಗಿ ಸೇರಿಸಿಕೊಂಡು ಚೆಂಡು ಹೊರಗಿಟ್ಟು ಹೊಡೆದ. ನನಗೆ, “ಥ್ಯಾಂಕ್ಯೂ ಅಂಕಲ್” ಎಂದ. ಹುಡುಕಿಕೊಟ್ಟಿದ್ದಕ್ಕೆ.

ಸಂಜೆ ಬೋರ್ಡಿನಲ್ಲಿ ಮುಂದಕ್ಕೆ ಉಳಿದವರ ಪೈಕಿ ಕೊನೆಯ ಜಾಗ ಸಂಗಮೇಶನದು. ಒಂದೇ ಹೊಡೆತದಿಂದ ಹೊರಬಿದ್ದವನು ಪಟಿಯಾಲದವನು. ಸಂಗಮೇಶ ಮುಂದಿನೆರಡು ದಿನ ಚೆನ್ನಾಗಿ ಆಡಿದ. ಆ ಸರ್ಟಿಫಿಕೇಟಿನ ಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತಂತೆ. ಈಗ ಆಲಮಟ್ಟಿಯಲ್ಲಿ ಎಂಜಿನಿಯರ್.

ಗುರುವಾರ ಅವನೇ ಮುಖ್ಯ ಅತಿಥಿ. ನಾನು ಪಕ್ಕದ ಕುರ್ಚಿಯ ಸಣ್ಣ ಅತಿಥಿ. ಹೆಡ್‌ಮಾಸ್ಟರು ಪರಿಚಯ ಮಾಡುವಾಗ ಪುಣೆ, ಗಾಲ್ಫ್ ಎಂದರು. ಅವನು ನನ್ನ ಕಡೆ ತಿರುಗಿ ನೋಡಿದ. ಗುರುತು ಹತ್ತಿತು. ಭಾಷಣದಲ್ಲಿ ಮಕ್ಕಳಿಗೆ ಹೇಳಿದ: “ಆವತ್ತ ಈ ಕಾಕಾ ಇಬ್ಬರ ಚೆಂಡೂ ಇದ್ದಲ್ಲೇ ತೋರಿಸಿದ್ರು. ಯಾರೂ ನೋಡದಾಗೂ ಖರೇ ಇರೂದು ಅಂದ್ರ ಇದು.” ಚಪ್ಪಾಳೆ. ಶಾಲು.

ಆಮೇಲೆ ಹೆಡ್‌ಮಾಸ್ಟರ ಕೋಣೆಯಲ್ಲಿ ಚಹಾ, ಚೂಡಾ. “ಸರ, ಅಂಕಣದಾಗ ನಮ್ಮ ಸಾಲಿ ಹೆಸರ ಬರೀರಿ ಮತ್ತ” ಎಂದು ಹೇಳಿ ಅವರು ಹೊರಗೆ ಹೋದರು. (ಯಾಕೆ ಬರೆದಿಲ್ಲ ಎಂದು ಅವರಿಗೆ ಈಗ ತಿಳಿದಿರಬೇಕು.) ನಾವಿಬ್ಬರೇ ಉಳಿದೆವು. ಹೇಳಿಬಿಟ್ಟೆ.

“ಚಾಷ್ಟಿ ಮಾಡಾಕತ್ತೀರಿ?” ಎಂದು ನಕ್ಕ ಸಂಗಮೇಶ.

“ಇಲ್ಲಪಾ. ಕಾಲಿನ ಬೆರಳಾಗ ಹಿಡದು ನಿನ್ನ ಚೆಂಡ ಹೊರಗ ತಂದೆ.”

“ಬೂಟ ಇರಲಿಲ್ಲೇನ್ರಿ ಕಾಲಾಗ?”

“ಬೂಟ ನಿಮಗ. ನಾವು ಬರಿಗಾಲಾಗ ಇರ್ತಿದ್ವಿ.”

ಅವನು ಚೂಡಾದ ತಟ್ಟೆ ದೂರ ಸರಿಸಿದ. “ಆ ಇನ್ನೊಬ್ಬ ಹುಡುಗಂದು?”

“ಅಲ್ಲೇ ಬಿಟ್ಟೆ.”

“ಅವನ ಕಾರ್ಡ್ ನಾನಾ ಬರದಿದ್ದೆ, ಕಾಕಾ. ಆ ದಂಡದ ಹೊಡತಾನೂ ನಾನಾ ಬರದೇನಿ. ಅವನ ಹೆಸರ ನೆನಪಿಲ್ಲ ನೋಡ್ರಿ.”

“ತಪ್ಪಾತು. ಹೊಟ್ಟ್ಯಾಗ ಹಾಕ್ಕೋ, ಸಂಗಮೇಶ.”

“ನಾ ಯಾಕ ಹಾಕ್ಕೊಳ್ಳಲಿ? ನಂದೇನ್ ಲುಕ್ಸಾನ ಆಗೇತಿ? ಲುಕ್ಸಾನ ಆದಾಂವ ಬ್ಯಾರೇ ಅದಾನ. ಮೈಕ್ ಮುಂದಿದ್ದಾಗ ಸುಮ್ ಕುಂತು, ಈಗ ನನ್ನ ಮುಂದ ಹೇಳ್ತೀರಿ.”

ಎದ್ದ. ಬಾಗಿಲಲ್ಲಿ ನಿಂತು, “ಆ ಸಾಲಿ ಹುಡುಗ್ರಿಗೆ ನಾ ಏನ್ ಹೇಳಿ ಬಂದೇನಿ ನೋಡ್ರಿ” ಎಂದ. ಅದನ್ನು ನನಗೆ ಹೇಳಿದನೋ ತನಗೇ ಹೇಳಿಕೊಂಡನೋ ಗೊತ್ತಾಗಲಿಲ್ಲ. ಜೀಪು ಹೊರಟಿತು.

ಅವನ ಮಾತು ಸರಿ. ತಪ್ಪಿನಿಂದ ಲಾಭವಾದವನ ಎದುರು ತಪ್ಪೊಪ್ಪಿಕೊಳ್ಳುವುದು ಎಷ್ಟು ಸಲೀಸು! ಅವನು ಕ್ಷಮಿಸಿಯೇ ಕ್ಷಮಿಸುತ್ತಾನೆ ಎಂದು ಎಣಿಸಿಯೇ ನಾನು ಬಾಯಿಬಿಟ್ಟಿದ್ದೆ. ನಾವು ಮಾಡುವುದೇ ಹೀಗೆ ಅಲ್ಲವೇ? ನಮ್ಮವನೆಂದು ಒಬ್ಬನ ಫೈಲು ಮೇಲಿಡುತ್ತೇವೆ. ಕೆಳಗೆ ಹೋದ ಫೈಲು ಯಾರದು ಎಂದು ಕೇಳುವುದಿಲ್ಲ.

ಅದಕ್ಕೇ ಈ ವಾರ ಎಲ್ಲರೆದುರು ಬರೆದೆ. ಬರೆದು ಮುಗಿಸಿ ಓದಿದಾಗ ಒಂದು ವಿಷಯ ಹೊಳೆಯಿತು. ಪಟಿಯಾಲದವನ ಕ್ಷಮೆಯನ್ನು ನಾನು ಅವನಿಗೆ ಓದಲು ಬಾರದ ಕನ್ನಡದಲ್ಲಿ ಕೇಳುತ್ತಿದ್ದೇನೆ. ಇದೂ ನನ್ನ ಹಳೆಯ ಜಾಣತನವೇ ಅಲ್ಲವೇ?