ಗಾಣದ ಛಪ್ಪರಕ್ಕ ಸಾಲಿ ಹೋದ ಕಾರಣ

"ಸುಳ್ಳ ಬರದೀರಿ ಮಾಸ್ತರ," ಅಂದ್ಲು ಕಾಡವ್ವ. ಕೈಯಾಗ ಕಸಬರಿಗಿ, ಮಾರಿ ಮ್ಯಾಲ ಸಿಟ್ಟು. ನನಗೇನ ಸಿಟ್ಟ ಕಡಿಮಿ ಐತೇನು? "ಕಸಾ ಉಡಗಾಕಿ ನನಗ ಇತಿಹಾಸ ಕಲಸಾಕ ಬಂದೀಯೇನವಾ?" ಅಂದಬಿಟ್ಟೆ. ಅಂದ ಮ್ಯಾಲ ನಾಲಿಗಿ ಕಚ್ಚಿಕೊಂಡೆ.

ಅದು ಅರವತ್ತೈದನೆ ಇಸವಿ. ಮೂಡಲಗಿ ಕಡೆ ನಮ್ಮೂರ ಹೈಸ್ಕೂಲಿಗೆ ಹದಿನೈದ ವರ್ಷ ತುಂಬಿತ್ತು. ಸ್ಮರಣ ಸಂಚಿಕೆಗೆ ಸಾಲಿ ಇತಿಹಾಸ ಬರಿಯೂ ಕೆಲಸ ನನಗ ಬಿತ್ತು, ಯಾಕಂದ್ರ ಮೊದಲನೆ ವರ್ಷ ಅಲ್ಲಿ ಕಲತು, ಮುಂದ ಅಲ್ಲೇ ಮಾಸ್ತರ ಆದಾಂವ ನಾನೊಬ್ಬನ. ಬರದದ್ದನ್ನ ಹುಡುಗರಿಗೆ ಓದಿ ಹೇಳೂಮುಂದ ಕಾಡವ್ವ ಬಾಗಲದಾಗ ನಿಂತ ಕೇಳಿದ್ಲು.

ನಾ ಬರದದ್ದು ಇಷ್ಟ. ಸಾಲಿ ಗುಡಿ ಪೌಳ್ಯಾಗ ಸುರು ಆತು, ಮೊದಲನೆ ದಿನದಿಂದ ಎಲ್ಲಾ ಜಾತಿ ಹುಡುಗರು ಒಂದ ಗೋಣಿ ತಟ್ಟಿನ ಮ್ಯಾಲ ಕುಂತು ಕಲತ್ರು, ಪೌಳಿ ಮ್ಯಾಲಿನ ಮಣ್ಣಿನ ಮಾಳಿಗಿ ಸೋರಿದ್ದಕ್ಕ ಬೆಲ್ಲದ ಗಾಣದ ಛಪ್ಪರಕ್ಕ ಹೋತು.

"ನನ್ನ ಮಗಾ ರಾಜಪ್ಪನ್ನ ಪೌಳಿ ಒಳಗ ಯಾರ ಬಿಟ್ಟಿದ್ರರಿ?" ಅಂದ್ಲು. "ಹೊರಗ ಕಿಡಕ್ಯಾಗ ನಿಂತ ಕಲತಾಂವ ಅಂವಾ. ಈಗ ಹಿಡಕಲ್ ಡ್ಯಾಮಿನ ಆಫೀಸಿನಾಗ ಕ್ಲಾರ್ಕ ಅದಾನ. ಇದನ್ನ ಹೇಳಿ ಹೇಳೇ ಮೊಮ್ಮಕ್ಕಳನ್ನ ಸಾಲಿಗೆ ಕಳಸ್ತೀನಿ. ನಾಳೆ ಅವು ನಿಮ್ಮ ಪುಸ್ತಕಾ ಓದಿ, ಆಯಿ ಸುಳ್ಳ ಹೇಳ್ಯಾಳ ಅಂದ್ರ ನಾ ಯಾವ ಮಾರಿ ತೋರಸ್ಲಿ?"

ಹತ್ತು ವರ್ಷ ಆ ಸಾಲಿ ಅಂಗಳಕ್ಕ ನೀರ ಹೊಡದು, ನೆಲಾ ಸಾರಿಸಿ ಬಂದಾಕಿ. ಒಂದ ದಿನಾ ಏನೂ ಕೇಳಿದಾಕಿ ಅಲ್ಲ. ಆದ್ರ ನನ್ನ ನೆನಪಿನಾಗ ಕಿಡಕಿ ಇರಲೇ ಇಲ್ಲಲ್ಲ! ಇದ್ದದ್ದು ಗಾಣದ ಛಪ್ಪರ. ಕಂಬಕ್ಕ ಹತ್ತಿದ ಬೆಲ್ಲದ ವಾಸನಿ, ಪುಸ್ತಕಕ್ಕ ಮುತ್ತೂ ಇರಬಿ, ಒಂದ ತಟ್ಟಿನಾಗ ನಾನೂ ರಾಜಪ್ಪನೂ. ಆಹಾ, ಎಂಥಾ ದಿನಾ ಅವು! ಈಗೂ ಬೆಲ್ಲಾ ಕಾಸೂ ವಾಸನಿ ಬಂದ್ರ ನನಗ ಪಾಠ ಬಾಯಿಗೆ ಬರತಾವ.

ಆದ್ರೂ ಐತವಾರ ಮೋಟಾರ ಹತ್ತಿ, ಹುಕ್ಕೇರಿ ಮ್ಯಾಲ ಹಾದು ದಡ್ಡಿ ಅನ್ನೂ ಊರಿಗೆ ಹೋದೆ. ನಮ್ಮ ಮೊದಲನೆ ಹೆಡ್ ಮಾಸ್ತರ ಕೇದಾರಿಯವರು ರಿಟೈರ ಆಗಿ ಅಲ್ಲೇ ಇದ್ರು. ಬರದದ್ದನ್ನ ಓದಿ ತೋರಿಸಿದೆ.

"ಬೀರಸಿದ್ದಾ, ಆಕಿ ಅಂದದ್ದ ಖರೆ," ಅಂದ್ರು. "ನೀ ಹೇಳೂದು ಛಪ್ಪರದ ಮಾತು. ಪೌಳ್ಯಾಗ ಒಂದೂವರಿ ತಿಂಗಳ ಆ ಹುಡುಗ ನಿನ್ನ ಬೆನ್ನ ಹಿಂದಿನ ಕಿಡಕ್ಯಾಗ ನಿಂತಿದ್ದಾ. ಬೆಳಕಿಗೆ ಅಡ್ಡ ಆಗ್ತಿ, ಅತ್ತ ಸರಿ ಅಂತ ಅವಗ ಬೈತಿದ್ದಾಂವ ನೀನ."

ನೆನಪಾತು. ನಾಚಿಕ್ಯಾಗಿ ತಲಿ ಎತ್ತಲಿಲ್ಲ ನಾ. ಮಾತ ತಿರುಗಸಾಕ, "ಮಾಳಿಗಿ ಸೋರಿದ್ದಾದ್ರೂ ಖರೆ ಹೌದಲ್ರಿ ಸರ?" ಅಂದೆ.

ಮುದುಕರು ನಕ್ಕರು. "ಹೊಸಾ ಮಣ್ಣ ಹಾಕಿದ ಮಾಳಿಗಿ ಹೆಂಗ ಸೋರಬೇಕೋ? ಆ ಹುಡುಗನ್ನ ಗುಡಿ ಒಳಗ ಬಿಡ್ರಿ ಅಂದ್ರ ಊರ ಹಿರಿಯಾರು ಒಪ್ಪಲಿಲ್ಲ. ಜಗಳಾ ತಗದ್ರ ಸಾಲಿನೇ ಮುಚ್ಚತಿದ್ರು. ಒಂದಿನಾ ನಾನ ಮ್ಯಾಲ ಹತ್ತಿ ಮಣ್ಣ ಕೆದರಿ ಇಳದೆ. ಎರಡ ದಿನಕ್ಕ ಮಳಿ ಬಂತು, ಸೋರತು. ಮಳಿಗಾಲದಾಗ ಗಾಣ ಖಾಲಿ, ಅಲ್ಲಿಗೆ ಹೋಗೂಣು ಅಂದೆ. ಅದು ಗುಡಿ ಅಲ್ಲಲ್ಲ, ಹುಡುಗ ಒಳಗ ಕುಂತರೂ ಯಾರೂ ಬ್ಯಾಡ ಅನ್ನಲಿಲ್ಲ. ಇಷ್ಟ ವರ್ಷ ಇದನ್ನ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ಈಗ ಬರಿ."

ಊರಿಗೆ ಬಂದಾಂವನೇ ಹಳೇ ಹಾಳಿ ಹರದು ಒಗದು ಹೊಸಾದು ಬರದೆ. ಕಿಡಕಿ ಬರದೆ, ನಾ ಬೈದದ್ದೂ ಬರದೆ, ಮಾಳಿಗಿ ಮಣ್ಣೂ ಬರದೆ. ಮರುದಿನಾ ಕಾಡವ್ವನ್ನ ಕುಂಡ್ರಿಸಿ, ದಡ್ಡಿಗೆ ಹೋಗಿ ಬಂದದ್ದ ಹೇಳಿ, ಓದಿದೆ. ನಾ ಬೈದದ್ದಕ್ಕ ಆಕಿ ಹೂಂ ಅಂದ್ಲು. ಮಾಳಿಗಿ ಮಾತ ಬಂದಾಗ ಮಾತ್ರ ನನ್ನ ಕೈ ಹಿಡದ್ಲು.

"ಮತ್ತೊಮ್ಮೆ ಓದ್ರಿ."

ಓದಿದೆ. ಕಣ್ಣೀರು ಸೆರಗಿಗೆ ಒರಸಿಕೊಂಡ್ಲು. "ಮಳಿರಾಯ ನನ್ನ ಮಗನ್ನ ಒಳಗ ಕುಂಡ್ರಿಸಿದಾ ಅಂತ ಹದಿನೈದ ವರ್ಷ ಮುಗಲಿಗೆ ಕೈ ಮುಗದೇನ್ರಿ ಮಾಸ್ತರ. ಆ ಮನಷಾಗ ಒಮ್ಮೆನೂ ಮುಗದಿಲ್ಲ," ಅಂದ್ಲು. ಕಸಬರಿಗಿ ಮೂಲಿಗಿಟ್ಟು ಎದ್ದು ನಿಂತ್ಲು.

"ದಡ್ಡಿಗೆ ಹೋಗೂ ಮೋಟಾರ ಎಷ್ಟಕ್ಕ ಐತ್ರಿ?"